ಪಿಕಪ್ ವಾಹನದ ಸಡಿಲ ಸ್ಟಿಯರಿಂಗ್: ಪತ್ತೆ ಮತ್ತು ದುರಸ್ತಿ

ನವಿ ಮುಂಬಯಿಯ ವಾಶಿಯಲ್ಲಿರುವ ಕೃಷಿ ಉತ್ಪನ್ನ ಮಾರುಕಟ್ಟೆಗೆ ದೊಡ್ಡ ಲಾರಿಗಳಲ್ಲಿ ಬಂದಿಳಿಯುವ ಈರುಳ್ಳಿ, ತರಕಾರಿ, ಹಣ್ಣು ಮತ್ತು ಧಾನ್ಯಗಳು ಠಾಣೆ, ಡೊಂಬಿವಲಿ, ಕಲ್ಯಾಣ ನಗರಗಳ ಅಂಗಡಿ ಬೀದಿಗಳನ್ನು ಸೇರುವಲ್ಲಿ ಪಿಕಪ್ ವಾಹನಗಳ ಪಾತ್ರ ದೊಡ್ಡದು. ಇಂತಹ ಅನೇಕ ವಾಹನಗಳಿಗೆ ಮಾಲೀಕನೇ ಚಾಲಕ. ವಾಹನವೇ ಕುಟುಂಬದ ಜೀವನಾಧಾರ. ಠಾಣೆ-ಬೇಲಾಪುರ ರಸ್ತೆ, ಕಲ್ಯಾಣ-ಶಿಳ್ ರಸ್ತೆ, ಮುಂಬ್ರಾ ಬೈಪಾಸ್‌ಗಳಲ್ಲಿ ಭಾರಿ ವಾಹನಗಳ ನಡುವೆ ಸಾಗುವಾಗ ಸ್ಟಿಯರಿಂಗ್ ಚಕ್ರವನ್ನು ತಿರುಗಿಸಿದರೂ ವಾಹನ ಒಡನೆಯೇ ತಿರುಗದಿದ್ದರೆ, ಆ ಒಂದು ಕ್ಷಣದ ವಿಳಂಬವೇ ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು.

ಕಾನೂನಿನ ಮಿತಿ

ಸ್ಟಿಯರಿಂಗ್ ಚಕ್ರವು ಮುಂದಿನ ಗಾಲಿಗಳನ್ನು ಅಲುಗಿಸದೆ ಎಷ್ಟು ದೂರ ಬರಿದೇ ತಿರುಗುವುದೋ ಅದನ್ನು ಕಾರ್ಯಾಗಾರದವರು ‘ಪ್ಲೇ’ ಎನ್ನುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದಂತೆ ಇದು 30 ಡಿಗ್ರಿಯನ್ನು ಮೀರಕೂಡದು. 400 ಮಿಲಿಮೀಟರ್ ವ್ಯಾಸದ ಚಕ್ರದ ಅಂಚಿನಲ್ಲಿ ಇದು ಸುಮಾರು 105 ಮಿಲಿಮೀಟರ್ ಆಗುತ್ತದೆ. ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಮತ್ತು ಪಿನ್ನುಗಳು ಸಡಿಲಗೊಳ್ಳದಂತೆ ಬಂಧಿಸಲ್ಪಟ್ಟಿರಬೇಕು ಎಂದೂ ಅದೇ ನಿಯಮ ವಿಧಿಸುತ್ತದೆ. ಆದರೆ 30 ಡಿಗ್ರಿ ಎಂಬುದು ಕಟ್ಟಕಡೆಯ ಎಲ್ಲೆ. ಅಲ್ಲಿಯವರೆಗೆ ಕಾಯುವುದು ವಿವೇಕವಲ್ಲ. ವಾಹನದ ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಯನ್ನೇ ಅನುಸರಿಸತಕ್ಕದ್ದು.

ಸಡಿಲಗೊಳ್ಳಲು ಕಾರಣ

ಸ್ಟಿಯರಿಂಗ್ ಚಕ್ರದ ಚಲನೆ ಕಂಬ, ಅದರ ಕೀಲು, ಸ್ಟಿಯರಿಂಗ್ ಬಾಕ್ಸ್ ಅಥವಾ ರ‍್ಯಾಕ್, ಟೈ ರಾಡ್ ಮತ್ತು ಅದರ ತುದಿಯ ಬಾಲ್ ಜಾಯಿಂಟ್‌ಗಳ ಮೂಲಕ ಗಾಲಿಯನ್ನು ತಲುಪುತ್ತದೆ. ಈ ಸರಪಳಿಯ ಯಾವ ಕೊಂಡಿ ಸವೆದರೂ ಪರಿಣಾಮ ಚಾಲಕನ ಕೈಗೆ ತಿಳಿಯುತ್ತದೆ. ಈ ಪ್ರದೇಶದ ಮಳೆಗಾಲದಲ್ಲಿ ಗುಂಡಿಗಳ ಹೊಡೆತದ ಜೊತೆಗೆ ರಸ್ತೆಯಲ್ಲಿ ನಿಂತ ನೀರೂ ಹಾನಿಯುಂಟುಮಾಡುತ್ತದೆ. ರಬ್ಬರ್ ಟೋಪಿ ಹರಿದಿದ್ದರೆ ಕೆಸರು ಒಳಸೇರಿ ಗ್ರೀಸನ್ನು ತೊಳೆದುಹಾಕುತ್ತದೆ. ಜಾಯಿಂಟು ಬೇಗನೆ ಸವೆಯುತ್ತದೆ. ಮಿತಿಮೀರಿದ ಭಾರ ಈ ಸವೆತವನ್ನು ಇನ್ನಷ್ಟು ತ್ವರಿತಗೊಳಿಸುತ್ತದೆ.

ದೋಷದ ಪತ್ತೆ

ಮೊದಲು ಟೈರುಗಳ ಗಾಳಿಯನ್ನು ಪರೀಕ್ಷಿಸಬೇಕು. ವಾಹನ ಒಂದೇ ಪಕ್ಕಕ್ಕೆ ಎಳೆಯುತ್ತಿದ್ದರೆ ಅದು ಗಾಳಿಯ ವ್ಯತ್ಯಾಸ, ಬ್ರೇಕ್ ಅಥವಾ ಗಾಲಿಗಳ ಜೋಡಣೆಯ ದೋಷವಿರಬಹುದು. ಅದನ್ನು ಸಡಿಲತೆಯೆಂದು ಭಾವಿಸಬಾರದು.

ಅನಂತರ ವಾಹನವನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಅಡೆಗಲ್ಲು ಕೊಟ್ಟು, ಮುಂದಿನ ಗಾಲಿಗಳನ್ನು ನೇರವಾಗಿರಿಸಬೇಕು. ಪವರ್ ಸ್ಟಿಯರಿಂಗ್ ಇದ್ದರೆ ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಚಾಲೂ ಮಾಡಬೇಕು. ಒಬ್ಬರು ಚಕ್ರವನ್ನು ಎಡಬಲಕ್ಕೆ ಸ್ವಲ್ಪವೇ ತಿರುಗಿಸುತ್ತಿರುವಾಗ ಇನ್ನೊಬ್ಬರು ಪಕ್ಕದಿಂದ ಪ್ರತಿ ಕೀಲನ್ನೂ ಗಮನಿಸಬೇಕು. ಒಂದು ಕಡೆ ಚಲನೆಯಿದ್ದು ಮುಂದಿನ ಭಾಗಕ್ಕೆ ದಾಟದಿದ್ದರೆ ದೋಷ ಅಲ್ಲಿಯೇ ಇದೆ.

ಬಳಿಕ ಎಂಜಿನ್ ನಿಲ್ಲಿಸಿ, ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಕೇವಲ ಜಾಕ್ ನಂಬಿ ಕೆಳಗೆ ಹೋಗಕೂಡದು. ಗಾಲಿಯನ್ನು ಎಡಬಲಗಳಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ ಸಡಿಲವಿದ್ದರೆ ಟೈ ರಾಡ್ ತುದಿಯನ್ನು ಸಂಶಯಿಸಬೇಕು. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗಲೂ ಸಡಿಲವಿದ್ದರೆ ಸಹಾಯಕರಿಂದ ಬ್ರೇಕ್ ಒತ್ತಿಸಿ ಮತ್ತೆ ನೋಡಬೇಕು. ಸಡಿಲ ಮಾಯವಾದರೆ ದೋಷ ಗಾಲಿಯ ಬೇರಿಂಗಿನದು. ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟಿನದು.

ದುರಸ್ತಿಯ ಕ್ರಮ

ಸವೆದ ಟೈ ರಾಡ್ ತುದಿಯನ್ನು ಬದಲಾಯಿಸುವುದೇ ಸರಿಯಾದ ಮಾರ್ಗ. ಹಳೆಯದನ್ನು ಬಿಚ್ಚುವಾಗ ಸುತ್ತುಗಳನ್ನು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಕೂಡಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಆ ಮೇಲೆ ಗಾಲಿಗಳ ಜೋಡಣೆ ಅಥವಾ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರುಗಳು ಓರೆಯಾಗಿ ಸವೆಯುತ್ತವೆ.

ಕೀಲುಗಳೆಲ್ಲ ಬಿಗಿಯಾಗಿದ್ದೂ ಸಡಿಲ ಉಳಿದರೆ ಮಾತ್ರ ಸ್ಟಿಯರಿಂಗ್ ಬಾಕ್ಸಿನ ಹೊಂದಾಣಿಕೆಯ ತಿರುಪನ್ನು ಮುಟ್ಟಬೇಕು. ಇದು ಅನುಭವಿ ಮೆಕ್ಯಾನಿಕರ ಕೆಲಸ. ಇತರ ಭಾಗಗಳ ಸವೆತವನ್ನು ಮರೆಮಾಚಲು ಈ ತಿರುಪನ್ನು ಬಿಗಿಗೊಳಿಸುವ ಅಗ್ಗದ ಉಪಾಯ ಅಪಾಯಕರ. ಅತಿಯಾಗಿ ಬಿಗಿದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಬಾಕ್ಸಿನ ಹಲ್ಲುಗಳೂ ಹಾಳಾಗುತ್ತವೆ. ಸ್ಟಿಯರಿಂಗಿನ ಯಾವುದೇ ಭಾಗವನ್ನು ಬೆಸುಗೆ ಹಾಕಿ ಅಥವಾ ಕಾಯಿಸಿ ಬಗ್ಗಿಸಿ ಬಳಸಲೇಬಾರದು.

ಸಾರಿಗೆ ವಾಹನಗಳ ಯೋಗ್ಯತಾ ಪತ್ರವನ್ನು 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ನವೀಕರಿಸಬೇಕೆಂದು 2018ರಲ್ಲಿ ನಿಯಮವನ್ನು ತಿದ್ದಲಾಯಿತು. ಆದರೆ ಒಂದು ತಪಾಸಣೆಯಿಂದ ಮತ್ತೊಂದರ ನಡುವೆ ಮಳೆಗಾಲವೊಂದು ಬಂದೇ ಬರುತ್ತದೆ. ಮಳೆಗಾಲಕ್ಕೆ ಮುನ್ನ ಒಮ್ಮೆ, ಮುಗಿದ ಮೇಲೆ ಮತ್ತೊಮ್ಮೆ ರಬ್ಬರ್ ಟೋಪಿಗಳನ್ನೂ ಕೀಲುಗಳನ್ನೂ ಪರೀಕ್ಷಿಸುವ ಅಭ್ಯಾಸ ಒಳ್ಳೆಯದು. ಸಡಿಲ ಹೆಚ್ಚುತ್ತಿದೆಯೆಂದು ಕಂಡುಬಂದ ದಿನ ಸರಕು ಹೇರದೆ ವಾಹನವನ್ನು ದುರಸ್ತಿಗೆ ಒಯ್ಯುವುದೇ ಲೇಸು. ಒಂದು ದಿನದ ಬಾಡಿಗೆ ತಪ್ಪಿದರೆ ಮರುದಿನ ದುಡಿದುಕೊಳ್ಳಬಹುದು. ಹೋದ ಜೀವವನ್ನು ಮರಳಿ ಪಡೆಯಲಾಗದು.