ತೊಟ್ಟಿಲ ಬಳಿ ಯಾರು?

ಬಸವಕಲ್ಯಾಣದಿಂದ ಹುಮನಾಬಾದಿಗೆ ಉದ್ಯೋಗಕ್ಕಾಗಿ ಹೋಗಿಬರುವ ತಾಯಂದಿರಿಗೆ, 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ಸರಕಾರಿ ಬಸ್ಸಿನ ಖರ್ಚೇನೋ ಉಳಿಯಿತು. ಮನೆಯಲ್ಲಿ ಬಿಟ್ಟುಬಂದ ಕೂಸಿನ ಚಿಂತೆಯೂ ಹಾಗೆಯೇ ಉಳಿಯಿತು! 2017ರ ಕಾನೂನು ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದ್ದು ದೊಡ್ಡ ಉಪಕಾರವೇ ಸರಿ. ಆದರೆ ಹೆರಿಗೆಗೆ ಮುಂಚೆ ಕೆಲವು ವಾರ ಕಳೆದುಹೋದರೆ, ತಾಯಿ ಕೆಲಸಕ್ಕೆ ಮರಳುವ ವೇಳೆಗೆ ಕೂಸಿಗೆ ಆರು ತಿಂಗಳೂ ತುಂಬಿರುವುದಿಲ್ಲ. ಅಂಗನವಾಡಿಯ ಆಟಪಾಠವೋ ಮೂರು ವರ್ಷ ತುಂಬಿದವರಿಗೆ. ನಡುವಿನ ಎರಡೂವರೆ ವರ್ಷ ತೊಟ್ಟಿಲ ಬಳಿ ಕೂಡುವವರು ಯಾರು?

ಹಿಂದೆ ಇದಕ್ಕೆ ಅಜ್ಜಿ ಇದ್ದಳು. ಅಜ್ಜಿ ಇಲ್ಲದ ಮನೆಗಳವರು ಹಳ್ಳಿಯಿಂದ ಹತ್ತು-ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಕರೆತಂದು, ಊಟ-ಬಟ್ಟೆ ಕೊಟ್ಟು, ಕೂಸನ್ನು ಅವಳ ಕಂಕುಳಿಗೆ ಒಪ್ಪಿಸುವುದುಂಟು. ಕೂಸನ್ನು ಕಾಯಲು ಇನ್ನೊಂದು ಕೂಸು! 2006ರ ಅಕ್ಟೋಬರ್ 10ರಿಂದ, 14 ವರ್ಷ ತುಂಬದ ಮಕ್ಕಳನ್ನು ಮನೆಗೆಲಸಕ್ಕಿಟ್ಟುಕೊಳ್ಳುವುದು ಅಪರಾಧವಾಗಿದೆ. ‘ಮನೆಮಗಳಂತೆ ನೋಡಿಕೊಳ್ಳುತ್ತೇವೆ’ ಎಂಬ ಸಮಾಧಾನ ಇಲ್ಲಿ ನಡೆಯದು.

ಬೆಳಿಗ್ಗೆ ಬಂದು ಸಂಜೆ ತನ್ನ ಮನೆಗೆ ಹಿಂದಿರುಗುವ, ಮಕ್ಕಳನ್ನು ಸಾಕಿ ಬಲ್ಲ ಹೆಂಗಸನ್ನು ನೆಚ್ಚುವುದೇ ಮೇಲು. ಮೌಶಿ ಎಂದೋ ಅಕ್ಕ ಎಂದೋ ಕೂಸು ಅವಳನ್ನು ಕರೆಯಲು ಕಲಿಯುತ್ತದೆ. ಕನ್ನಡ, ಮರಾಠಿ, ದಖನಿ ಉರ್ದುಗಳು ಒಂದೇ ಓಣಿಯಲ್ಲಿ ಕೇಳಿಬರುವ ಸೀಮೆಯಿದು. ಕೂಸಿನ ಮೊದಲ ಮಾತು ಮೌಶಿಯ ಭಾಷೆಯಲ್ಲಿ ಹೊರಟರೆ ತಾಯಿ ಬೆಚ್ಚಬೇಕಾಗಿಲ್ಲ. ರಜೆ ಮುಗಿಯುವುದಕ್ಕೆ ಎರಡು ವಾರ ಮೊದಲೇ ಆಕೆಯನ್ನು ಕರೆಸಿ, ತಾಯಿ ಎದುರಿಗಿರುವಾಗಲೇ ಕೂಸು ಆ ಕೈಗೆ ಹೊಂದಿಕೊಳ್ಳುವಂತೆ ಮಾಡುವುದು ಜಾಣತನ. ಆ ದಿನಗಳಿಗೂ ಸಂಬಳ ಸಲ್ಲತಕ್ಕದ್ದು.

ಮನಸ್ತಾಪ ಹುಟ್ಟುವುದು ಬಹುಮಟ್ಟಿಗೆ ಉಣಿಸು-ತಿನಿಸಿನ ವಿಷಯದಲ್ಲಿ. ತನ್ನ ಮಕ್ಕಳಿಗೆ ಕೊಟ್ಟ ಗುಟ್ಟಿಯನ್ನೋ ಜೇನುತುಪ್ಪವನ್ನೋ ಮೌಶಿ ಪ್ರೀತಿಯಿಂದಲೇ ಈ ಕೂಸಿಗೂ ನೆಕ್ಕಿಸಿಯಾಳು. ವರ್ಷ ತುಂಬುವ ಮೊದಲು ಜೇನು ಕೂಡದು; ಅದರಲ್ಲಿರಬಹುದಾದ ಸೂಕ್ಷ್ಮಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲವು. ಹಿಂಡಿಟ್ಟ ತಾಯಿಹಾಲು 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆ ಕೆಡದೆ ಇರುತ್ತದೆ. ಬೀದರ ಜಿಲ್ಲೆಯ ವೈಶಾಖದಲ್ಲಿ ಆ ತಂಪು ಎಲ್ಲಿಂದ ಬರಬೇಕು? ಫ್ರಿಜ್ಜಿನಲ್ಲೇ ಇಟ್ಟು, ಬೇಕಾದಾಗ ಬಿಸಿನೀರಿನ ಬಟ್ಟಲಲ್ಲಿ ಬೆಚ್ಚಗೆ ಮಾಡಿಕೊಳ್ಳಬೇಕು. ಒಲೆಯ ಮೇಲೆ ಕಾಯಿಸಬಾರದು. ಇವನ್ನೆಲ್ಲ ಅಪ್ಪಣೆಯಂತೆ ವಿಧಿಸದೆ ಕಾರಣ ಸಹಿತ ತಿಳಿಸಿದರೆ, ಅಕ್ಷರ ಬಾರದವಳೂ ಗಡಿಯಾರದ ಮುಳ್ಳು ನೋಡಿ ತಪ್ಪದೆ ನಡೆಸುತ್ತಾಳೆ.

ಇನ್ನು ಸಂಬಳ. ಕಾಯಕಕ್ಕೆ ಮರ್ಯಾದೆ ತಂದುಕೊಟ್ಟ ಊರು ಕಲ್ಯಾಣ. 12ನೆಯ ಶತಮಾನದ ಅಲ್ಲಿನ ಶರಣೆಯರಲ್ಲಿ ಕೊಟ್ಟಣ ಕುಟ್ಟುವ ಸೋಮಮ್ಮನಿದ್ದಳು, ನೂಲು ತೆಗೆಯುವ ಕದಿರ ರೆಮ್ಮವ್ವೆಯಿದ್ದಳು. ಅದೇ ಊರಿನಲ್ಲಿ ಕೂಸು ಕಾಯುವವಳ ಋಣವನ್ನು ಹಬ್ಬದ ಹಳೆಯ ಸೀರೆಯಿಂದ ತೀರಿಸಲು ನೋಡುವುದು ನಾಚಿಕೆಗೇಡು. ಮನೆಗೆಲಸದವರಿಗೆ ಕರ್ನಾಟಕ ಸರಕಾರವು 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿತು. ದರ ಆಗಾಗ ಬದಲಾಗುವುದರಿಂದ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು. ಕೂಸಿನ ಬಟ್ಟೆ ಒಗೆಯುವುದು ಕೆಲಸಕ್ಕೆ ಸೇರಿದ್ದೆ, ಮನೆಮಂದಿಯ ಪಾತ್ರೆ ತೊಳೆಯುವುದೂ ಸೇರಿದ್ದೆ ಎಂಬುದು ಮೊದಲ ದಿನವೇ ಇತ್ಯರ್ಥವಾಗಲಿ. ಹುಮನಾಬಾದಿನ ಬಸ್ಸು ತಡವಾಗಿ ಬಂದರೆ ಆ ಹೆಚ್ಚಿನ ಗಂಟೆಯ ಲೆಕ್ಕವೇನು, ವೀರಭದ್ರೇಶ್ವರ ಜಾತ್ರೆಗೆ ಎಷ್ಟು ದಿನ ಬಿಡುವು ಎಂಬುದೂ ಅಂದೇ ತೀರ್ಮಾನವಾಗಬೇಕು.

ಮೌಶಿಗೂ ಮನೆಯಲ್ಲಿ ಚಿಕ್ಕ ಮಕ್ಕಳಿರಬಹುದು. ಇಲ್ಲಿನ ಕೂಸನ್ನು ತೂಗುವ ಹೊತ್ತಿನಲ್ಲಿ ಅವಳದನ್ನು ಅತ್ತೆಯೋ ನೆರೆಯವರೋ ನೋಡಿಕೊಳ್ಳುತ್ತಿರುತ್ತಾರೆ. ಅದಕ್ಕೆ ಜ್ವರ ಬಂದ ದಿನ ಅವಳು ಬರಲಾರಳು; ಆ ದಿನದ ಸಂಬಳ ಕಡಿಯಲಾಗದು. ಅಂಥ ಬೆಳಗಿಗಾಗಿ ಪಕ್ಕದ ಮನೆಯ ಕಾಕುವನ್ನು ಮೊದಲೇ ಕೇಳಿಟ್ಟಿರುವುದು ಒಳ್ಳೆಯದು. ಅವರಿಗೂ ಅನುಕೂಲವಿಲ್ಲದಿದ್ದರೆ, ಕೂಸಿನ ತಂದೆಯ ಕಚೇರಿಯಲ್ಲಿಯೂ ಸಾಂದರ್ಭಿಕ ರಜೆ ಎಂಬುದೊಂದು ಇರುತ್ತದೆ.