ಮಂದ್ರನಾದದ ಪರೀಕ್ಷೆ

ಹೋಂ ಥಿಯೇಟರಿನ ಸಬ್‌ವೂಫರು ಅಂಗಡಿಯಲ್ಲಿ ಗರ್ಜಿಸುವುದನ್ನು ಕೇಳಿ ಬೆರಗಾಗಿ ಹಣ ತೆರುವವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಉಂಟು. ಅಲ್ಲಿ ನಾವು ಕೇಳುವುದು ಪೆಟ್ಟಿಗೆಯ ಧ್ವನಿಯೊಂದನ್ನೇ ಅಲ್ಲ, ಕೋಣೆಯದನ್ನೂ ಸಹ. 20 ಹರ್ಟ್ಸ್ ನಾದದ ಅಲೆ ಸುಮಾರು 17 ಮೀಟರು ಉದ್ದ. ಇಂಥ ದೀರ್ಘ ಅಲೆಗಳು ಗೋಡೆಗಳಿಗೆ ತಾಗಿ ಮರಳಿ ಒಂದೆಡೆ ಹೆಚ್ಚುವುವು, ಇನ್ನೊಂದೆಡೆ ಅಡಗುವುವು. ಆದಕಾರಣ ಅಮೆರಿಕದ ಸಿಇಎ-2010 ಕ್ರಮವನ್ನನುಸರಿಸುವವರು ಸಾಮಾನ್ಯವಾಗಿ ಪೆಟ್ಟಿಗೆಯನ್ನು ಬಯಲಿನ ನೆಲದ ಮೇಲಿಟ್ಟು, 20ರಿಂದ 63 ಹರ್ಟ್ಸ್‌ವರೆಗಿನ ಸ್ವರಗಳನ್ನು ಕ್ಷಣಮಾತ್ರ ನುಡಿಸುವರು. ವಿಕೃತಿಯು ಗೊತ್ತಾದ ಮಿತಿಯನ್ನು ಮುಟ್ಟುವ ತನಕ ಬಲವನ್ನೇರಿಸಿ, ಆಗಿನ ಡೆಸಿಬಲನ್ನು ಬರೆದುಕೊಳ್ಳುವರು. ಕಂಪನಸಂಖ್ಯೆಯು ಅರ್ಧಕ್ಕಿಳಿದರೆ ಅಷ್ಟೇ ಬಲದ ನಾದಕ್ಕೆ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. 40ರಲ್ಲಿ ಗುಡುಗುವ ಚಿಕ್ಕ ಪೆಟ್ಟಿಗೆಯು 20ರಲ್ಲಿ ಬಹುಮಟ್ಟಿಗೆ ಮೂಕವಾಗುವುದು ಇದರಿಂದಲೇ. ಜಾಹೀರಾತಿನ ಡೆಸಿಬಲು ಯಾವ ಹರ್ಟ್ಸಿನದು, ಎಷ್ಟು ದೂರದಲ್ಲಿ ಅಳೆದದ್ದು ಎಂದು ಪಾಲಕರು ಅಂಗಡಿಯವನನ್ನು ಅವಶ್ಯವಾಗಿ ಕೇಳತಕ್ಕದ್ದು.