ಸ್ಕಿಜೋಫ್ರೇನಿಯಾ: ‘ತಾನಾಗಿಯೇ ಸ್ನಾನ ಮಾಡ್ತಾರಾ?’ ಅಂತ ಡಾಕ್ಟರ್ ಕೇಳೋದು ಯಾಕೆ?

ಸ್ಕಿಜೋಫ್ರೇನಿಯಾ ಇರುವವರನ್ನು ಅಂಗವೈಕಲ್ಯ ಪ್ರಮಾಣಪತ್ರಕ್ಕೆಂದು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದಾಗ ಮನೋವೈದ್ಯರು ಕೇಳುವ ಪ್ರಶ್ನೆಗಳು ಮನೆಯವರಿಗೆ ವಿಚಿತ್ರ ಅನ್ನಿಸಬಹುದು. ತಾನಾಗಿಯೇ ಸ್ನಾನ ಮಾಡ್ತಾರಾ? ನೆಂಟರು ಬಂದ್ರೆ ಮಾತಾಡಿಸ್ತಾರಾ? ಅಂಗಡಿಗೆ ಹೋಗಿ ಸಾಮಾನು ತಂದು, ಚಿಲ್ಲರೆ ಎಣಿಸ್ಕೋತಾರಾ?

ಕಾರಣವಿದೆ. ಕಿವಿಯಲ್ಲಿ ಯಾರೋ ಮಾತಾಡಿದಂತಾಗುವುದು, ವಿಪರೀತ ಅನುಮಾನ ಇವೆಲ್ಲ ಮಾತ್ರೆಯಿಂದ ಹತೋಟಿಗೆ ಬರುತ್ತವೆ. ಆದರೆ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮಾತು ಕಡಿಮೆಯಾಗುವುದು, ಗಮನ ನಿಲ್ಲದಿರುವುದು ಅನೇಕರಲ್ಲಿ ಉಳಿದುಬಿಡುತ್ತದೆ. ನೋಡುವವರು ‘ಸೋಮಾರಿ’ ಅಂದುಬಿಡುತ್ತಾರೆ. ಇದು ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ, ದಿನನಿತ್ಯದ ಕೆಲಸದಲ್ಲಿ ಕಾಣುತ್ತದೆ.

ಲೆಕ್ಕ ಹೀಗಿದೆ

ಇದನ್ನು ಅಳೆಯಲು ದೇಶದಲ್ಲಿ ಬಳಸುವ ಪಟ್ಟಿಯ ಹೆಸರು ‘ಐಡಿಯಾಸ್’. ಅದರಲ್ಲಿ 4 ವಿಷಯಗಳಿವೆ:

• ತನ್ನ ಆರೈಕೆ: ಸ್ನಾನ, ಬಟ್ಟೆ, ಊಟ
• ಜನರ ಜೊತೆ ಒಡನಾಟ
• ಮಾತುಕತೆ ಮತ್ತು ಗ್ರಹಿಕೆ
• ಕೆಲಸ: ಉದ್ಯೋಗ, ಮನೆಗೆಲಸ ಅಥವಾ ಓದು

ಒಂದೊಂದಕ್ಕೂ 0ರಿಂದ 4 ಅಂಕ. ತೊಂದರೆ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ 1ರಿಂದ 4 ಅಂಕ ಸೇರುತ್ತದೆ. ಒಟ್ಟು 20. ಇದರಲ್ಲಿ 7 ಅಥವಾ ಹೆಚ್ಚು ಬಂದರೆ ಶೇ 40ರ ಗಡಿ ದಾಟಿದಂತೆ. ಮಾಸಾಶನವೂ ಸೇರಿದಂತೆ ಬಹುತೇಕ ಸೌಲಭ್ಯಗಳಿಗೆ ಇದೇ ಗಡಿ.

ಎಡವುವುದು ಇಲ್ಲೇ

‘ಎಲ್ಲಾ ಮಾಡ್ತಾನೆ ಸಾರ್’ ಎಂದು ತಾಯಿ ಹೇಳಿಬಿಡುತ್ತಾರೆ. ಆದರೆ ಬೆಳಿಗ್ಗೆ ನಾಲ್ಕು ಸಲ ಕೂಗಿ ಎಬ್ಬಿಸಿ, ನೀರು ಕಾಯಿಸಿ, ಬಟ್ಟೆ ಕೈಗೆ ಕೊಟ್ಟು ಕಳಿಸುವುದು ಅವರೇ. ವೈದ್ಯರಿಗೆ ತಿಳಿಯಬೇಕಾದದ್ದು ಆ ನಾಲ್ಕು ಸಲದ ಕೂಗು.

ಉದಾಹರಣೆಗೆ, 4 ವರ್ಷದಿಂದ ಕಾಯಿಲೆ ಇದ್ದರೆ ಅವಧಿಗೆ 2 ಅಂಕ. ನಾಲ್ಕು ವಿಷಯಗಳಲ್ಲಿ ನಿಜಸ್ಥಿತಿ 1, 2, 1, 3 ಇದ್ದರೆ ಒಟ್ಟು 9. ಮನೆಯವರು ಮರ್ಯಾದೆಗೆ ಅಂಜಿ ಎಲ್ಲದರಲ್ಲೂ ಒಂದೊಂದು ಅಂಕ ಕಡಿಮೆಯಾಗುವಂತೆ ಹೇಳಿದರೆ 5. ಗಡಿಯೇ ದಾಟುವುದಿಲ್ಲ. ಹಾಗಂತ ಇಲ್ಲದ್ದನ್ನು ಸೇರಿಸಿ ಹೇಳುವುದೂ ಬೇಡ, ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು.

ಏನು ಮಾಡಬೇಕು?

• ಜೊತೆಯಲ್ಲೇ ವಾಸಿಸುವವರು ಆಸ್ಪತ್ರೆಗೆ ಹೋಗಿ. ದೂರದ ಊರಿನ ಅಣ್ಣನಿಗೆ ದಿನಚರಿ ಗೊತ್ತಿರುವುದಿಲ್ಲ.
• ಒಂದು ವಾರ ಬರೆದಿಡಿ: ಏನನ್ನು ತಾನೇ ಮಾಡಿದರು, ಯಾವುದಕ್ಕೆ ಎಷ್ಟು ಸಲ ಹೇಳಬೇಕಾಯಿತು.
• ಹಳೆಯ ಔಷಧಿ ಚೀಟಿ, ಡಿಸ್ಚಾರ್ಜ್ ಪತ್ರ, ಆಧಾರ್, ಫೋಟೊ ಜೊತೆಗಿರಲಿ.
• ಯುಡಿಐಡಿ ಕಾರ್ಡ್‌ಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ.

ಈ ಅಂಕ ಕಾರ್ಡಿಗೆ ಮಾತ್ರ ಅಲ್ಲ. ಎಲ್ಲಿ ತೊಡಕಿದೆ ಎಂದು ಗೊತ್ತಾದರೆ ಬಸ್ಸಿನಲ್ಲಿ ಒಬ್ಬರೇ ಹೋಗುವುದು, ದುಡ್ಡಿನ ಲೆಕ್ಕ, ಅಡುಗೆ ಹೀಗೆ ಒಂದೊಂದನ್ನೇ ಮತ್ತೆ ಕಲಿಸಬಹುದು. ಮಾತ್ರೆ ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಸಲಹೆಗೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.